ಬೇಡ ಎನ್ನುವವರು: ಸೊನ್ನೆ

ಒಬ್ಬ ಪ್ರಾಮಾಣಿಕ ಮನುಷ್ಯ ಸುಳ್ಳು ವರದಿಗೆ ಸಹಿ ಹಾಕುವುದು ಯಾವಾಗ? ಈ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಡಾಕ್ಟರ್ ಕಸ್ತೂರಿ ಮುಳಗುಂದ ಎಂಟು ವರ್ಷ ಕಳೆದಿದ್ದಳು. ಕಳ್ಳರ ಬಗ್ಗೆ ಅವಳಿಗೆ ಕುತೂಹಲವಿರಲಿಲ್ಲ. ಅಂಗಡಿಯವನು ತಪ್ಪಿ ಹೆಚ್ಚು ಚಿಲ್ಲರೆ ಕೊಟ್ಟರೆ ಅರ್ಧ ದಾರಿಯಿಂದ ವಾಪಸ್ ಹೋಗಿ ಕೊಟ್ಟು ಬರುವವರು, ಮಕ್ಕಳು ಸುಳ್ಳು ಹೇಳಿದರೆ ಊಟ ಬಿಟ್ಟು ಬೈಯುವವರು ಇರುತ್ತಾರಲ್ಲ, ಅಂಥವರೇ ಕೆಲಸದ ಕುರ್ಚಿಯಲ್ಲಿ ಕುಳಿತಾಗ ಎಲ್ಲ ಗೊತ್ತಿದ್ದೂ ಕಾಗದದ ಕೆಳಗೆ ಹೆಸರು ಬರೆದುಬಿಡುತ್ತಾರೆ. ಅದು ಹೇಗೆ ಎಂಬುದು ಅವಳಿಗೆ ಬೇಕಾಗಿತ್ತು.

ಉತ್ತರ ಹುಡುಕಲು ಅವಳು ಕಟ್ಟಿದ ಯಂತ್ರದ ಹೆಸರು 'ಪಡಸಾಲೆ'. ಧಾರವಾಡದ ಹೊರವಲಯದ ವ್ಯವಹಾರ ನೀತಿ ಅಧ್ಯಯನ ಕೇಂದ್ರದ ನೆಲಮಾಳಿಗೆಯಲ್ಲಿ ಗುಂಯ್‌ಗುಡುತ್ತ ಕುಳಿತಿದ್ದ ಆ ಕಂಪ್ಯೂಟರುಗಳಿಗೆ ಆ ಹೆಸರು ಬಂದದ್ದು ಸುಮ್ಮನೆ ಅಲ್ಲ. ಉನ್ನತಿ ಲಿಫ್ಟ್ಸ್ ಎಂಬ ಕಾರ್ಖಾನೆಯ ಎಂಟುನೂರ ನಲವತ್ತು ಕೆಲಸಗಾರರ ಮನೆಗಳಿಗೆ ಕಸ್ತೂರಿ ಮತ್ತು ಅವಳ ತಂಡದವರು ಹೋಗಿ, ಪಡಸಾಲೆಯಲ್ಲಿ ಕುಳಿತು, ಒಬ್ಬೊಬ್ಬರೊಂದಿಗೆ ಎರಡೆರಡು ತಾಸು ಮಾತಾಡಿದ್ದರು. ಮೇಲಿನವರು ಬೈದಾಗ ಏನು ಮಾಡಿದಿರಿ, ಗೆಳೆಯ ತಪ್ಪು ಮಾಡಿದ್ದು ಕಂಡಾಗ ಹೇಳಿದಿರೋ ನುಂಗಿಕೊಂಡಿರೋ, ಮೊದಲ ಸಲ ಹೆದರಿದ್ದು ಯಾವಾಗ? ಜನ ಮೊದಮೊದಲು ಬಿಗಿಯಾಗಿ ಕೂರುತ್ತಿದ್ದರು. ಒಂದು ಸುತ್ತು ಚಹಾ ಆದ ಮೇಲೆ ಯಾರಿಗೂ ಹೇಳದ್ದನ್ನು ಹೇಳುತ್ತಿದ್ದರು. ಹೆಸರು ಎಲ್ಲಿಯೂ ಬರುವುದಿಲ್ಲ, ಬರೀ ಸಂಖ್ಯೆ ಇರುತ್ತದೆ ಎಂದು ಕಸ್ತೂರಿ ಪ್ರತಿಯೊಬ್ಬರಿಗೂ ಮಾತು ಕೊಟ್ಟಿದ್ದಳು.

ಆ ಮಾತುಗಳಿಂದ ಪಡಸಾಲೆ ಎಂಟುನೂರ ನಲವತ್ತು ಕೃತಕ ವ್ಯಕ್ತಿಗಳನ್ನು ಮಾಡಿತು. ಅವರಿಗೆ ಮೈ ಇಲ್ಲ, ಮುಖ ಇಲ್ಲ. ಆದರೆ ಒಂದು ಸಂದರ್ಭ ಕೊಟ್ಟು ಕೇಳಿದರೆ, ನೂರಕ್ಕೆ ಎಂಬತ್ತೈದು ಸಲ ಆ ನಿಜವಾದ ಮನುಷ್ಯ ಮಾಡುವುದನ್ನೇ ಮಾಡುತ್ತಿದ್ದರು. ಅವರನ್ನೆಲ್ಲ ಒಂದು ಅಣಕು ಕಾರ್ಖಾನೆಯಲ್ಲಿ ಕೂರಿಸಿ ಗಡುವು ಬಿಗಿ ಮಾಡುವುದು, ಮೇಲಧಿಕಾರಿಯನ್ನು ಬದಲಿಸುವುದು, ಮೇಜುಗಳ ಜಾಗ ಬದಲಿಸುವುದು; ಆಮೇಲೆ ಸುಳ್ಳು ಎಲ್ಲಿಂದ ಶುರುವಾಗುತ್ತದೆ ಎಂದು ನೋಡುವುದು. ಇದೇ ಕಸ್ತೂರಿಯ ಕೆಲಸ.

ಅದರಿಂದ ಒಂದು ಮಾತು ಸ್ಪಷ್ಟವಾಗಿತ್ತು. ಒಬ್ಬಂಟಿಯಾಗಿ ಕುಳಿತವನು ಸಹಿ ಹಾಕುತ್ತಾನೆ. ಅದೇ ಮನುಷ್ಯನ ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ಇನ್ನೊಬ್ಬರು 'ಬೇಡ' ಎಂದರೆ ಅವನ ಕೈಯೂ ನಿಲ್ಲುತ್ತದೆ. ಇಡೀ ವಿಭಾಗಕ್ಕೆ ಅಂಥವರು ಒಬ್ಬರಿಬ್ಬರು ಸಾಕು. ಅವರನ್ನು ಕಾಪಾಡಿಕೊಳ್ಳಿ ಎಂದು ಕಸ್ತೂರಿ ಉನ್ನತಿಗೆ ವರದಿ ಬರೆದುಕೊಟ್ಟಿದ್ದಳು. ಕಂಪನಿಯವರೂ ತಮ್ಮ ವಿಭಾಗಗಳನ್ನು ಸುಧಾರಿಸಿಕೊಳ್ಳಲಿ ಎಂದು ಪಡಸಾಲೆಯನ್ನು ತಾವೇ ನಡೆಸಿ ನೋಡುವ ಅನುಮತಿಯನ್ನೂ ಕೇಂದ್ರ ಕೊಟ್ಟಿತ್ತು.

ಆ ಸೋಮವಾರ ಬೆಳಿಗ್ಗೆ ಕಸ್ತೂರಿ ಯಂತ್ರದ ಬಳಕೆಯ ದಾಖಲೆ ತೆರೆದದ್ದು, ವಿದ್ಯುತ್ ಯಾಕೆ ಇಷ್ಟು ಖರ್ಚಾಗುತ್ತಿದೆ ಎಂದು ತಿಳಿಯಲು. ಮೂರು ತಿಂಗಳಲ್ಲಿ ಉನ್ನತಿಯವರು ಪಡಸಾಲೆಯನ್ನು ಆರು ಸಾವಿರಕ್ಕೂ ಹೆಚ್ಚು ಸಲ ನಡೆಸಿದ್ದರು. ಅಷ್ಟು ಸಲ ಕೇಳುವಂಥದ್ದು ಏನಿತ್ತು? ಅವಳು ಒಂದನ್ನು ತೆರೆದಳು.

ಪ್ರಶ್ನೆ ಚಿಕ್ಕದಿತ್ತು. 'ಪರೀಕ್ಷಾ ವಿಭಾಗದಿಂದ ಸಂಖ್ಯೆ 317ನ್ನು ತೆಗೆದರೆ, ಉಳಿದವರಲ್ಲಿ ಬೇಡ ಎನ್ನುವವರು ಎಷ್ಟು?' ಉತ್ತರ: ಎಂಟು. ಮುಂದಿನದು: '317 ಮತ್ತು 52ನ್ನು ತೆಗೆದರೆ?' ಐದು. ಹೀಗೆ ಒಬ್ಬೊಬ್ಬರನ್ನೇ ಕಿತ್ತು, ಜಾಗಕ್ಕೆ ಬೇರೆಯವರನ್ನು ಕೂರಿಸಿ, ಕಿತ್ತು, ಕೂರಿಸಿ, ಕೊನೆಗೆ ಒಂಬತ್ತು ಮಂದಿ ಹೊರಬಿದ್ದ ಮೇಲೆ ಪರದೆಯ ಮೇಲೆ ಒಂದೇ ಸಾಲು ಉಳಿದಿತ್ತು.

'ಬೇಡ ಎನ್ನುವವರು: 0.'

ಆ ದಿನದ ನಂತರ ಉನ್ನತಿಯವರು ಯಂತ್ರವನ್ನು ಮುಟ್ಟಿರಲಿಲ್ಲ. ಬೇಕಾದದ್ದು ಸಿಕ್ಕಿತ್ತು.

ಕಸ್ತೂರಿ ಕುರ್ಚಿಯ ಅಂಚಿನಲ್ಲಿ ಕುಳಿತಳು. 317 ಎಂದರೆ ಯಾರೆಂದು ಅವಳಿಗೆ ಪಟ್ಟಿ ನೋಡಬೇಕಾಗಿರಲಿಲ್ಲ. ಆ ಎರಡು ತಾಸಿನ ಮಾತು ಅವಳೇ ಕೇಳಿದ್ದಳು.

*

ಹಸೀನಾ ನದಾಫ ನವಲೂರಿನಲ್ಲಿದ್ದಳು. ನಲವತ್ತರ ಆಸುಪಾಸಿನ ಗಟ್ಟಿ ಮೈಯ ಹೆಂಗಸು, ಉನ್ನತಿಯ ಪರೀಕ್ಷಾ ವಿಭಾಗದಲ್ಲಿ ಹದಿನಾಲ್ಕು ವರ್ಷ ದುಡಿದವಳು. ಕಸ್ತೂರಿ ಹೋದಾಗ ಆಕೆ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಕಾರ್ಖಾನೆಯ ಸಮಯದಲ್ಲಿ ಮನೆಯಲ್ಲಿ ಹೇಗೆ ಎಂದು ಕೇಳಿದ್ದಕ್ಕೆ, "ಪ್ಯಾಕಿಂಗ್ ಶೆಡ್ಡಿಗೆ ಹಾಕ್ಯಾರ್ರಿ. ಅಲ್ಲಿ ವಾರದಾಗ ನಾಕು ದಿನಾನಽ ಕೆಲಸ," ಎಂದಳು. "ಯಾಕ ಹಾಕಿದ್ರು ಅಂತ ಕೇಳಿದ್ರ, ಹೊಸ ವ್ಯವಸ್ಥೆ ಅಂದ್ರು. ಅಷ್ಟಽ."

"ಹೋಗೋಕ್ಕಿಂತ ಮುಂಚೆ ಅಲ್ಲಿ ಏನರೆ ತಕರಾರು ಆಗಿತ್ತೇನ್ರಿ?"

ಹಸೀನಾ ಕೈ ಒರೆಸಿಕೊಂಡು ಹೊರಸಿನ ಮೇಲೆ ಕುಳಿತಳು. "ನಿಮಗ ಹೇಳಿದ್ನೆಲ್ರೀ, ಲಿಫ್ಟಿನ ಹಗ್ಗ ಕಡದ್ರ ಹಳಿ ಕಚ್ಚಿ ಹಿಡಿಯೋ ಉಕ್ಕಿನ ತುಂಡು ಇರ್ತೈತಿ ಅಂತ. ನಾವು ಹಲ್ಲು ಅಂತೀವಿ. ಹೋದ ವರ್ಷದಿಂದ ಹಲ್ಲು ಬ್ಯಾರೆ ಕಡೆಯಿಂದ ಬರಾಕತ್ತಾವು. ಉಕ್ಕು ಕಾಯಿಸಿ ಹದ ಮಾಡೂದು ಕಡಿಮಿ ಮಾಡ್ಯಾರ. ಮೊದಲನೇ ಸಲ ಭೇಷ್ ಹಿಡೀತೈತಿ. ಎರಡನೇ ಸಲ ಜಾರ್ತೈತಿ, ಹೊಸದು ಬಂದಾಗ ಒಮ್ಮೆ ನೋಡೀವಿ. ನಿಯಮದ ಪ್ರಕಾರ ತುಂಬಿದ ಲಿಫ್ಟು ಮೂರು ಸಲ ಮ್ಯಾಲಿಂದ ಬಿಟ್ಟು ನೋಡಬೇಕು. ಒಂದ ಸಲ ಬಿಟ್ಟು ಮೂರು ಸಲ ಅಂತ ಬರೀರಿ ಅಂದ್ರು. ನಾ ಬರ್ಯಾಂಗಿಲ್ಲ ಅಂದೆ."

"ಅದಕ್ಕಽ ತೆಗದಾರ ನಿಮ್ಮನ್ನ," ಎಂದಳು ಕಸ್ತೂರಿ. "ನೀವು ಅನ್ನೂಕ್ಕಿಂತ ಮೊದಲಽ ಅವರಿಗೆ ಗೊತ್ತಿತ್ತು, ನೀವು ಅಂತೀರಿ ಅಂತ."

"ಹೆಂಗ ಗೊತ್ತಿತ್ತು?"

ಇಲ್ಲಿಯವರೆಗೆ ಬಂದು ಹೇಳದೆ ಇರುವಂತಿರಲಿಲ್ಲ. ಕಸ್ತೂರಿ ಎಲ್ಲವನ್ನೂ ಹೇಳಿದಳು. ಸಂಖ್ಯೆಗಳಿದ್ದರೂ ಹದಿನಾಲ್ಕು ವರ್ಷದ ನೌಕರಿ, ಒಂದು ಊರು, ಎರಡು ಮಕ್ಕಳು ಎಂಬ ವಿವರಗಳನ್ನು ಜೋಡಿಸಿ ಕಂಪನಿಯವರು ಹೆಸರು ಕಂಡುಹಿಡಿದಿದ್ದರು. ಅದನ್ನು ತಾನು ಊಹಿಸಬೇಕಾಗಿತ್ತು, ಊಹಿಸಲಿಲ್ಲ ಎಂದೂ ಹೇಳಿದಳು.

ಒಳಗಿನಿಂದ ಕುಕ್ಕರಿನ ಸೀಟಿ ಕೂಗಿತು. ಹಸೀನಾ ಏಳಲಿಲ್ಲ.

"ನಮ್ಮಪ್ಪ ಸತ್ತ ಸುದ್ದಿ ನಿಮ್ಮ ಮುಂದ ಹೇಳಿದ್ದೆ," ಎಂದಳು ಕೊನೆಗೆ. "ಕ್ವಾರಿಯೊಳಗ ಮದ್ದು ಸರಿ ಇಲ್ಲಂತ ಗೊತ್ತಿದ್ದೂ ಯಾರೂ ಬಾಯಿ ಬಿಡಲಿಲ್ಲ, ಅದಕ್ಕ ಸತ್ತ, ನಾ ಹಂಗ ಸುಮ್ಮ ಕೂಡೂ ಪೈಕಿ ಅಲ್ಲ ಅಂತ. ನನ್ನ ಗಂಡನ ಮುಂದ ಸೈತ ಅಷ್ಟು ಹೇಳಿದ್ದಿಲ್ಲ. ಆ ಮಾತಽ ನನಗ ಕುಣಿಕಿ ಆತೇನ್ರಿ?"

"ಹೌದು," ಎಂದಳು ಕಸ್ತೂರಿ. ಬೇರೆ ಏನನ್ನು ಹೇಳಿದರೂ ಸಣ್ಣದಾಗುತ್ತಿತ್ತು.

"ಹೋಗ್ರಿ ಇನ್ನ."

*

ಮರುದಿನ ಅತ್ತೆ ನೀಲವ್ವನ ಡಯಾಲಿಸಿಸ್ ಇತ್ತು. ಕಸ್ತೂರಿಯ ಗಂಡ ಮಹಾದೇವ ರೈಲ್ವೆಯಲ್ಲಿ ಲೋಕೋ ಪೈಲಟ್. ವಾರದಲ್ಲಿ ನಾಲ್ಕು ದಿನ ಹೊರಗೇ ಇರುತ್ತಿದ್ದ. ಹಾಗಾಗಿ ಅತ್ತೆಯನ್ನು ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಕರೆದೊಯ್ಯುವುದು ಹೆಚ್ಚಾಗಿ ಅವಳದೇ ಕೆಲಸ. ಡಯಾಲಿಸಿಸ್ ವಿಭಾಗ ನಾಲ್ಕನೆಯ ಮಹಡಿಯಲ್ಲಿತ್ತು. ಗಾಲಿ ಕುರ್ಚಿಯನ್ನು ಲಿಫ್ಟಿನೊಳಗೆ ತಳ್ಳಿ, ಗುಂಡಿ ಒತ್ತಲು ಕೈ ಎತ್ತಿದವಳು ನಿಂತುಬಿಟ್ಟಳು. ಗುಂಡಿಗಳ ಮೇಲೆ ಫಳಫಳ ಹೊಳೆಯುವ ತಗಡಿನ ಪಟ್ಟಿ: ಉನ್ನತಿ. ಕೆಳಗೆ ತಯಾರಾದ ತಿಂಗಳು. ಹಲ್ಲು ಬದಲಾದ ಮೇಲಿನದು.

"ಒತ್ತವಾ, ಏನ್ ನೋಡಾಕತ್ತಿ?" ಎಂದಳು ನೀಲವ್ವ.

ಹಿಂದೆ ಸ್ಟ್ರೆಚರ್ ಬಂದಿತ್ತು. ಅದರ ಹಿಂದೆ ಕೈಯಲ್ಲಿ ಹಾಲಿನ ಚೆಂಬು ಹಿಡಿದ ಬಾಣಂತಿಯ ತಾಯಿ. ಎಲ್ಲರೂ ಒಳಗೆ ಬಂದರು. ಕಸ್ತೂರಿ ಗುಂಡಿ ಒತ್ತಿದಳು. ನಾಲ್ಕು ಮಹಡಿ ಏರುವವರೆಗೆ ಅವಳು ಉಸಿರು ಹಿಡಿದಿದ್ದು ಯಾರಿಗೂ ಗೊತ್ತಾಗಲಿಲ್ಲ. ಹಗ್ಗ ಕಡಿಯುವುದು ಸಾವಿರಕ್ಕೊಂದು, ಲಕ್ಷಕ್ಕೊಂದು. ಆದರೆ ಆ ಲಕ್ಷಕ್ಕೊಂದಕ್ಕಾಗಿಯೇ ಹಲ್ಲು ಇರುವುದು.

ಮಧ್ಯಾಹ್ನ ಕೇಂದ್ರದ ನಿರ್ದೇಶಕ ಗುರುಪಾದ ಹೆಬಸೂರರ ಮುಂದೆ ದಾಖಲೆಗಳನ್ನು ಇಟ್ಟಳು. ಹೆಬಸೂರರು ಕೆಟ್ಟವರಲ್ಲ. ಈ ಕೇಂದ್ರವನ್ನು ಎರಡು ಕೋಣೆಯಿಂದ ಬೆಳೆಸಿದವರು. ಎಲ್ಲವನ್ನೂ ಓದಿ ಕನ್ನಡಕ ತೆಗೆದಿಟ್ಟರು.

"ಕಸ್ತೂರಿಯವರ, ವರ್ಗಾವಣೆ ಮಾಡೂದು ಅವರ ಹಕ್ಕು. ಯಾವ ಕಾನೂನೂ ಮುರದಿಲ್ಲ. ನಮ್ಮ ಒಪ್ಪಂದದಾಗ ಗೌಪ್ಯತೆ ಷರತ್ತು ಐತಿ. ನೀವು ಹೊರಗ ಬಾಯಿ ಬಿಟ್ಟರ ಕೇಂದ್ರ ಮುಚ್ಚತಾರ. ಅರವತ್ತು ಮಂದಿ ಮನಿಗೆ ಹೋಗ್ತಾರ."

"ಬ್ರೇಕು ಹಿಡಿಯಾಂಗಿಲ್ಲ ಸರ್. ಆ ಲಿಫ್ಟಿನಾಗ ಜನ ಅದಾರ."

"ಅದು ನಾವು ಅಳೆದದ್ದಲ್ಲ. ಒಬ್ಬ ಕೆಲಸಗಾರ್ತಿಯ ಮಾತು." ಅವರು ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದರು. "ಶುಕ್ರವಾರ ವಾರ್ಷಿಕ ಪ್ರಮಾಣಪತ್ರಕ್ಕ ಸಹಿ ಆಗಬೇಕು. ಯಂತ್ರವನ್ನ ಒಪ್ಪಿದ ಉದ್ದೇಶಕ್ಕಽ ಬಳಸ್ಯಾರ ಅಂತ. ಮುಖ್ಯ ಸಂಶೋಧಕಿ ನೀವು. ಈ ಸಲ ಸಹಿ ಹಾಕ್ರಿ. ಮುಂದಿನ ವರ್ಷದ ಒಪ್ಪಂದದಾಗ ಬಿಗಿ ಮಾಡೋಣ. ಒಳಗ ಇದ್ದುಕೊಂಡಽ ಸರಿ ಮಾಡಬೇಕು ಎಲ್ಲಾನೂ."

ಆ ಕೊನೆಯ ಮಾತು ಅವಳ ಮನಸ್ಸಿಗೆ ಒಪ್ಪಿತು. ಬೆಳಿಗ್ಗೆ ಆಸ್ಪತ್ರೆಯಲ್ಲಿ ಕುಳಿತಾಗ ಅವಳೂ ಅದನ್ನೇ ಯೋಚಿಸಿದ್ದಳು. ಹಾಳೆ ತೆಗೆದುಕೊಂಡು ನೆಲಮಾಳಿಗೆಗೆ ಇಳಿಯುವಾಗ ಅರ್ಧ ಮೆಟ್ಟಿಲಲ್ಲಿ ಅವಳಿಗೆ ಒಂದು ಸಂಗತಿ ಹೊಳೆಯಿತು. ಎಂಟು ವರ್ಷ ಅವಳು ಎಲ್ಲರನ್ನೂ ಕೂರಿಸಿ ನೋಡಿದ ಆ ಕುರ್ಚಿಯಲ್ಲಿ ಈಗ ಅವಳೇ ಕುಳಿತಿದ್ದಳು.

ಪಡಸಾಲೆಗೆ ಅವಳೂ ಗೊತ್ತಿದ್ದಳು. ಯಂತ್ರವನ್ನು ಪರೀಕ್ಷಿಸಲು ಎಲ್ಲರಿಗಿಂತ ಮೊದಲು ಪ್ರಶ್ನೆಗಳಿಗೆ ಉತ್ತರ ಕೊಟ್ಟವಳು ಅವಳೇ. ಸಂಖ್ಯೆ 1. ಅವಳು ಪರದೆಯ ಮುಂದೆ ಕುಳಿತು ಸಂದರ್ಭವನ್ನು ಬರೆದಳು: ನಿರ್ದೇಶಕ, ಗೌಪ್ಯತೆ ಷರತ್ತು, ಅರವತ್ತು ಸಹೋದ್ಯೋಗಿಗಳು, ಅತ್ತೆ, ಶುಕ್ರವಾರದ ಹಾಳೆ. ಏನನ್ನೂ ಮುಚ್ಚಿಡಲಿಲ್ಲ. ನೂರು ಸಲ ನಡೆಸು ಎಂದಳು.

ಹತ್ತು ನಿಮಿಷದಲ್ಲಿ ಉತ್ತರ ಬಂತು. ನೂರರಲ್ಲಿ ತೊಂಬತ್ತನಾಲ್ಕು ಸಲ ಸಂಖ್ಯೆ 1 ಸಹಿ ಹಾಕಿತ್ತು.

ಕೃತಕ ವ್ಯಕ್ತಿ ತನಗೆ ತಾನೇ ಹೇಳಿಕೊಂಡ ಕಾರಣಗಳನ್ನೂ ಯಂತ್ರ ಬರೆದಿಡುತ್ತಿತ್ತು. ಕಸ್ತೂರಿ ಓದಿದಳು. 'ಒಳಗಿದ್ದುಕೊಂಡೇ ಸರಿಪಡಿಸುತ್ತೇನೆ.' 'ನನ್ನೊಬ್ಬಳ ಹಠಕ್ಕೆ ಅರವತ್ತು ಮನೆ ಹಾಳಾಗಬಾರದು.' 'ಇದು ನಾನು ಅಳೆದದ್ದಲ್ಲ.' ಒಂದೊಂದು ವಾಕ್ಯವೂ ಅವಳದೇ ದನಿಯಲ್ಲಿತ್ತು. ಪರದೆಯನ್ನು ಆರಿಸಿ ಮನೆಗೆ ಹೋಗಬೇಕೆನ್ನಿಸಿತು. ಹೋಗಲಿಲ್ಲ. ಉಳಿದ ಆರನ್ನು ತೆರೆದಳು.

ಆ ಆರು ಸಲ ಅವಳು ಯಾಕೆ ಸಹಿ ಹಾಕಿರಲಿಲ್ಲ? ಧೈರ್ಯ ಹೆಚ್ಚಿತ್ತೇ? ಇಲ್ಲ, ಭಯ ಎಲ್ಲದರಲ್ಲೂ ಒಂದೇ ಅಳತೆಯದು. ವ್ಯತ್ಯಾಸ ಒಂದೇ ಕಡೆ ಇತ್ತು. ಆ ಆರರಲ್ಲೂ ಸಂಖ್ಯೆ 1 ಶುಕ್ರವಾರಕ್ಕೆ ಮೊದಲೇ ಯಾರಿಗೋ ಎದುರಿಗೆ ಕುಳಿತು 'ನಾನು ಸಹಿ ಹಾಕುವುದಿಲ್ಲ' ಎಂದು ಹೇಳಿತ್ತು. ಸಹಿಯ ಹೊತ್ತಿಗೆ ಆ ಮನುಷ್ಯ ಕೋಣೆಯಲ್ಲಿದ್ದ.

ಕಸ್ತೂರಿ ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. ತನ್ನ ಧೈರ್ಯವನ್ನು ನಂಬುವ ಅಗತ್ಯ ಅವಳಿಗೆ ಉಳಿದಿರಲಿಲ್ಲ. ತನ್ನ ವಿಜ್ಞಾನವನ್ನು ನಂಬಿದರೆ ಸಾಕಿತ್ತು.

*

"ಮತ್ತ್ಯಾಕ ಬಂದ್ರಿ?" ಎಂದಳು ಹಸೀನಾ ಬಾಗಿಲಲ್ಲೇ.

"ಒಂದು ಮಾತು ಹೇಳಿ ಹೋಗ್ತೀನಿ. ಶುಕ್ರವಾರ ನನ್ನ ಮುಂದೂ ಒಂದು ಹಾಳಿ ಬರ್ತೈತಿ. ನಾ ಸಹಿ ಹಾಕಾಂಗಿಲ್ಲ. ಆದ್ರ ನಾ ಒಬ್ಬಾಕಿ ಇದ್ರ ಹಾಕಿಬಿಡ್ತೀನಿ. ನನ್ನ ಯಂತ್ರಾನಽ ಹೇಳೇತಿ. ಅದಕ್ಕ ನೀವು ನನ್ನ ಬಾಜೂಕ ಬಂದು ಕುಂದ್ರಬೇಕು."

ಹಸೀನಾಳ ಮುಖದಲ್ಲಿ ಸಿಟ್ಟಿನ ನಡುವೆಯೇ ಒಂದು ಬೆರಗು ಮೂಡಿತು. ಇಂಥ ಬೇಡಿಕೆಯನ್ನು ಆಕೆ ನಿರೀಕ್ಷಿಸಿರಲಿಲ್ಲ. "ಅಷ್ಟು ಓದೀರಿ, ನಿಮಗ ನಾ ಕಾವಲಾ?"

"ಹೌದ್ರಿ."

"ನನ್ನ ಒಬ್ಬಾಕಿನ್ನಽ ಯಾಕ? ನನ್ನ ಜೋಡಿ ಇನ್ನ ಎಂಟು ಮಂದಿನ್ನೂ ತೆಗದಾರಲ್ಲ. ಅವರಿಗೂ ಹೇಳ್ರಿ. ನೀವಽ ಹೋಗಿ ಹೇಳ್ರಿ. ನನಗ ಹೇಳಿದಂಗಽ."

ಬುಧವಾರ, ಗುರುವಾರ ಕಸ್ತೂರಿ ಅದನ್ನೇ ಮಾಡಿದಳು. ಹಸೀನಾ ದಾರಿ ತೋರಿಸಲು ಜೊತೆಗೆ ಬಂದಳು, ಆದರೆ ಮಾತಿಗೆ ಸಹಾಯ ಮಾಡಲಿಲ್ಲ. ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದಳು. ಪ್ರತಿ ಮನೆಯಲ್ಲಿ ಕಸ್ತೂರಿ ಮೊದಲಿನಿಂದ ಹೇಳಿದಳು: ನೀವು ಕೊಟ್ಟ ಮಾತುಗಳಿಂದ ನಾನು ಏನು ಮಾಡಿದೆ, ಅದರಿಂದ ಅವರು ಏನು ಮಾಡಿದರು. ನಿಗದಿ ಎಂಬ ಊರಿನ ಹಿರಿಯ ಕೆಲಸಗಾರನೊಬ್ಬ ಅವಳ ಮುಖಕ್ಕೆ ಬಾಗಿಲು ಹಾಕಿದ. ಇನ್ನೊಬ್ಬ, "ನನಗ ಹೊಸ ಜಾಗದಾಗ ಆರಾಮ ಐತ್ರಿ, ನನ್ನ ಬಿಡ್ರಿ," ಎಂದು ಕೈ ಮುಗಿದ. ಅಮ್ಮಿನಬಾವಿಯ ಒಬ್ಬಾಕೆ ಒಂದು ತಾಸು ಬೈದು, ಆಮೇಲೆ ಊಟಕ್ಕೆ ಕೂರಿಸಿದಳು. ಹಸೀನಾಳೂ ಸೇರಿ ಏಳು ಮಂದಿ ಬರುತ್ತೇವೆ ಎಂದರು. ಏಳೂ ಮಂದಿ ತಾವು ಕಂಡದ್ದನ್ನು ಬರೆದು, ಹೆಸರು ಹಾಕಿ ಕೊಟ್ಟರು. ಗುರುವಾರ ಸಂಜೆಯೊಳಗೆ ಆ ಹೇಳಿಕೆಗಳೂ ಪಡಸಾಲೆಯ ದಾಖಲೆಗಳೂ ಸರ್ಕಾರದ ಲಿಫ್ಟ್ ಪರಿವೀಕ್ಷಕಿ ಶಕುಂತಲಾ ಕರ್ಕಿಯವರ ಮೇಜಿನ ಮೇಲಿದ್ದವು.

ಕರ್ಕಿಯವರು ನಿವೃತ್ತಿಗೆ ಹತ್ತಿರವಾದ ಎಂಜಿನಿಯರ್. ಎಲ್ಲವನ್ನೂ ಸಾವಕಾಶವಾಗಿ ಓದಿದರು. "ಯಂತ್ರ ಹೇಳಿದ್ದು ನನಗ ಪುರಾವೆ ಅಲ್ಲಮ್ಮ," ಎಂದರು. "ಮನುಷ್ಯರು ಬರೆದಿದ್ದು ಆಗ್ತದ. ಸೋಮವಾರ ಹೋಗಿ ಬ್ರೇಕ್ ಪರೀಕ್ಷೆ ಮಾಡಸ್ತೀನಿ. ಆದರ ಒಂದು ತಿಳಕೋರಿ. ಅವರು ಒಂದು ಸಲ ಬಿಟ್ಟು ತೋರಸ್ತಾರ, ಅದು ಹಿಡೀತದ. ಹಿಂದಿನ ಮೂರು ಸಲದ ವರದಿ ಸರಿ ಅದ ಅಂತ ವಿಭಾಗದವರೆಲ್ಲ ಪ್ರಮಾಣ ಮಾಡಿದರ, ನಾ ಮುಂದ ಹೋಗೂದು ಕಷ್ಟ. ಇರೋರೊಳಗ ಒಬ್ಬರರೆ ಬಾಯಿ ಬಿಡಬೇಕು."

ಇರುವವರಲ್ಲಿ ಬಾಯಿ ಬಿಡುವವರು ಸೊನ್ನೆ ಎಂಬುದು ಕಸ್ತೂರಿಗೆ ಗೊತ್ತಿತ್ತು. ಆ ಸೊನ್ನೆಯನ್ನು ಲೆಕ್ಕ ಹಾಕಿದ್ದು ಅವಳ ಯಂತ್ರವೇ.

*

ಶುಕ್ರವಾರ ಹನ್ನೊಂದು ಗಂಟೆಗೆ ಕೇಂದ್ರದ ಸಭಾಕೋಣೆಯಲ್ಲಿ ಹೆಬಸೂರರು, ಉನ್ನತಿಯ ಸಿಬ್ಬಂದಿ ವಿಭಾಗದ ಮುಖ್ಯಸ್ಥ ಅಭಯ ಕುಲಕರ್ಣಿ ಕುಳಿತಿದ್ದರು. ಕಸ್ತೂರಿ ಒಳಗೆ ಬಂದಳು, ಅವಳ ಹಿಂದೆ ಹಸೀನಾ. ಕುಲಕರ್ಣಿ ಹಸೀನಾಳನ್ನು ನೋಡಿ, ಕಸ್ತೂರಿಯನ್ನು ನೋಡಿ, ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿದ.

"ಇವರು ಯಾಕೆ ಬಂದಿದ್ದಾರೆ ಮೇಡಂ?"

"ನಾನು ಕರೆದುಕೊಂಡು ಬಂದೆ. ಕೂಡ್ರಿ ಹಸೀನಾ."

ಹಾಳೆಯನ್ನು ಮುಂದೆ ಸರಿಸಿದರು. ಪೆನ್ನು ಕಸ್ತೂರಿಯ ಕೈಯಲ್ಲಿತ್ತು. ವಿಚಿತ್ರವೆಂದರೆ, ಈ ಕ್ಷಣದಲ್ಲೂ 'ಒಳಗಿದ್ದುಕೊಂಡೇ ಸರಿಪಡಿಸಬಹುದು' ಎಂಬ ವಾಕ್ಯ ಅವಳ ತಲೆಯಲ್ಲಿ ಎದ್ದು ಬಂತು, ಹೊಸದಾಗಿ ಹೊಳೆದಂತೆಯೇ. ಪಕ್ಕದಲ್ಲಿ ಹಸೀನಾಳ ಬಳೆ ಮೇಜಿಗೆ ತಾಗಿ ಸದ್ದಾಯಿತು. ಕಸ್ತೂರಿ ಪೆನ್ನು ಕೆಳಗಿಟ್ಟಳು.

"ಬೇಡ," ಎಂದಳು. "ಇದು ಸುಳ್ಳು. ನಾನು ಸಹಿ ಹಾಕುವುದಿಲ್ಲ."

ಕುಲಕರ್ಣಿಯ ದನಿ ಏರಲಿಲ್ಲ. "ನಾವು ಮಾಡಿದ್ದರಲ್ಲಿ ತಪ್ಪೇನಿದೆ ಹೇಳಿ. ಯಾವ ಜಾಗಕ್ಕೆ ಯಾರು ಹೊಂದುತ್ತಾರೆ ಅಂತ ನೋಡಿದ್ವಿ. ಎಲ್ಲ ಕಂಪನಿಯೂ ಅದನ್ನೇ ಮಾಡುತ್ತೆ. ನಿಮ್ಮ ಯಂತ್ರ ನಮಗೆ ಸ್ವಲ್ಪ ಚೆನ್ನಾಗಿ ಮಾಡಿಕೊಟ್ಟಿತು, ಅಷ್ಟೇ. ನಾವು ಯಾರಿಗೂ ಸುಳ್ಳು ಹೇಳಿ ಅಂತ ಹೇಳಿಲ್ಲ."

"ಹೇಳಬೇಕಾಗಲಿಲ್ಲ ನಿಮಗೆ," ಎಂದಳು ಕಸ್ತೂರಿ. "ಅದಕ್ಕೇ ಇಷ್ಟೆಲ್ಲ ಮಾಡಿದ್ದು."

ಹೆಬಸೂರರು ಕಣ್ಣು ಮುಚ್ಚಿಕೊಂಡು ಕುಳಿತಿದ್ದರು. ಹಾಳೆಯನ್ನು ಯಾರೂ ಮತ್ತೆ ಸರಿಸಲಿಲ್ಲ. ಮಧ್ಯಾಹ್ನದೊಳಗೆ ಕಸ್ತೂರಿಯ ಅಮಾನತಿನ ಪತ್ರ ತಯಾರಾಯಿತು. ಹೆಬಸೂರರು ಅದಕ್ಕೆ ಸಹಿ ಹಾಕಿದರು.

*

ಸೋಮವಾರ ಉನ್ನತಿಯ ಪರೀಕ್ಷಾ ಗೋಪುರದ ಬುಡದಲ್ಲಿ ಇಪ್ಪತ್ತೈದು ಮಂದಿ ಸೇರಿದ್ದರು. ಆರು ಮಹಡಿ ಎತ್ತರದ ಕಾಂಕ್ರೀಟು ಕೊಳವೆ ಅದು. ಮೇಲೆ ಉಕ್ಕಿನ ತೂಕಗಳನ್ನು ತುಂಬಿದ ಲಿಫ್ಟು ತೂಗುತ್ತಿತ್ತು. ಒಂದು ಕಡೆ ಕಂಪನಿಯ ಅಧಿಕಾರಿಗಳು, ಇನ್ನೊಂದು ಕಡೆ ಈಗಿನ ಪರೀಕ್ಷಾ ವಿಭಾಗದ ಹನ್ನೊಂದು ಮಂದಿ. ದೂರು ಕೊಟ್ಟವರು ಹಾಜರಿರಬೇಕೆಂದು ಕರ್ಕಿಯವರು ಆದೇಶ ಮಾಡಿದ್ದರಿಂದ ಕಸ್ತೂರಿ ಮತ್ತು ಆ ಏಳು ಮಂದಿಯೂ ಒಳಗಿದ್ದರು. ಅಧಿಕಾರಿಗಳು ಅವರನ್ನು ಮೂಲೆಯಲ್ಲಿ ನಿಲ್ಲಿಸಿದರು. ಹಸೀನಾ ಆ ಮೂಲೆಯಲ್ಲಿ ನಿಲ್ಲದೆ ನೇರ ಹೋಗಿ ತನ್ನ ಹಳೆಯ ಜೊತೆಗಾರರ ಸಾಲಿನಲ್ಲಿ ನಿಂತಳು. ಉಳಿದ ಆರು ಮಂದಿ ಹಿಂಬಾಲಿಸಿದರು. ಯಾರೂ ತಡೆಯುವಷ್ಟು ಬೇಗ ಯೋಚಿಸಲಿಲ್ಲ.

ಕೊಂಡಿ ಬಿಚ್ಚಿದರು. ಲಿಫ್ಟು ಗುಡುಗಿನಂತೆ ಇಳಿದು, ಕಿರ್ರೆಂದು ಹಳಿ ಕಚ್ಚಿ, ಅರ್ಧದಲ್ಲಿ ನಿಂತಿತು. ಅಧಿಕಾರಿಗಳ ಮುಖ ಅರಳಿತು. "ನೋಡಿದಿರಲ್ಲ ಮೇಡಂ," ಎಂದ ಕುಲಕರ್ಣಿ. "ಮೂರು ಸಲದ ಪರೀಕ್ಷೆ ಈಗಾಗಲೇ ಆಗಿದೆ, ವರದಿಗಳಿವೆ. ಇದನ್ನು ಮತ್ತೆ ಮೇಲೇರಿಸಿ ಬಿಡುವುದೆಂದರೆ ಇಡೀ ದಿನದ ಕೆಲಸ ನಿಲ್ಲುತ್ತೆ."

ಕರ್ಕಿಯವರು ಹನ್ನೊಂದು ಮಂದಿಯ ಕಡೆ ತಿರುಗಿದರು. "ಈ ವರದಿಯೊಳಗ ಮೂರು ಸಲ ಬಿಟ್ಟು ನೋಡೀವಿ ಅಂತ ಬರೆದೀರಿ. ಹೌದೇನು?"

ಗೋಪುರದೊಳಗೆ ಬಿಸಿಯಾದ ಕಬ್ಬಿಣದ ವಾಸನೆ ಹರಡಿತ್ತು. ಕಸ್ತೂರಿ ಒಬ್ಬೊಬ್ಬರ ಮುಖ ನೋಡಿದಳು. ಇವರ ಸಂಖ್ಯೆಗಳು ಅವಳಿಗೆ ಗೊತ್ತಿದ್ದವು. ಇವರ ಭಯಗಳೂ ಗೊತ್ತಿದ್ದವು. ಸಾಲಿನ ಕೊನೆಯಲ್ಲಿದ್ದವನು ಬಸವಂತ ಗಾಣಿಗೇರ, ಸಂಖ್ಯೆ 608, ಎದುರು ಮಾತು ಆಡಿ ಗೊತ್ತಿಲ್ಲದ ಮನುಷ್ಯ. ಅವನ ಹೆಂಡತಿಗೂ ಇದೇ ಕಾರ್ಖಾನೆಯಲ್ಲಿ ಕೆಲಸ.

"ಹೌದೇನು?" ಕರ್ಕಿಯವರು ಮತ್ತೆ ಕೇಳಿದರು.

"ಇಲ್ರಿ ಬಾಯಾರ," ಎಂದಳು ಹಸೀನಾ ಸ್ಪಷ್ಟವಾಗಿ. "ನಾ ಇದ್ದಾಗ ವರದಿಗಂತ ಒಂದಽ ಸಲ ಬಿಟ್ಟಿದ್ದು."

"ನೀವು ಈಗ ವಿಭಾಗದವರಲ್ಲ. ಇವರು ಹೇಳಬೇಕು."

ಕುಲಕರ್ಣಿ ಗಡಿಯಾರ ನೋಡಿಕೊಂಡ. ಆಗ ಹಸೀನಾಳ ಪಕ್ಕದಲ್ಲಿ ನಿಂತಿದ್ದ ಬಸವಂತ ಒಂದು ಹೆಜ್ಜೆ ಮುಂದೆ ಬಂದ.

"ಇನ್ನ ಎರಡು ಸಲ ಬಿಡ್ರಿ ಬಾಯಾರ," ಎಂದ. ನೆಲ ನೋಡುತ್ತಲೇ ಹೇಳಿದ. "ಅವಾಗ ನಿಮಗಽ ಕಾಣ್ತೈತಿ. ವರದಿಮ್ಯಾಲಿನ ಸಹಿ ನಂದು. ಬರದದ್ದು ಸುಳ್ಳು."

"ನಂದೂ ಐತ್ರಿ," ಎಂದ ಅವನ ಆಚೆಗಿದ್ದವನು. ಆಮೇಲೆ ಇನ್ನೊಬ್ಬ.

ತನ್ನ ಯಂತ್ರ ತಪ್ಪಲಿ ಎಂದು ಕಸ್ತೂರಿ ಬಯಸಿದ್ದು ಎಂಟು ವರ್ಷದಲ್ಲಿ ಇದೇ ಮೊದಲು.

ಲಿಫ್ಟನ್ನು ಮತ್ತೆ ಮೇಲೇರಿಸಲು ಒಂದೂವರೆ ತಾಸು ಹಿಡಿಯಿತು. ಎರಡನೆಯ ಸಲ ಅದು ಒಂದು ಇಡೀ ಮಹಡಿ ಜಾರಿ ನಿಂತಿತು. ಕರ್ಕಿಯವರು ಎಲ್ಲರನ್ನೂ ಗೋಪುರದ ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ಮೂರನೆಯ ಸಲ ಕಿರ್ರೆಂಬ ಸದ್ದು ಬಂತು, ಆದರೆ ನಿಲ್ಲಲಿಲ್ಲ. ಕಾಲ ಕೆಳಗಿನ ನೆಲ ಅದುರಿತು. ಬಾಗಿಲ ಸಂದಿಯಿಂದ ಧೂಳು ನುಗ್ಗಿ ಎಲ್ಲರ ಬಟ್ಟೆಯ ಮೇಲೆ ಕುಳಿತಿತು.

ಕಾರ್ಖಾನೆಯಲ್ಲಿ ಆ ದಿನ ಯಾರೂ ಗೆದ್ದವರಂತೆ ಮಾತಾಡಲಿಲ್ಲ.

*

ಹೊಸ ಹಲ್ಲಿನ ಇನ್ನೂರ ಹದಿನಾಲ್ಕು ಲಿಫ್ಟುಗಳನ್ನು ವಾರದೊಳಗೆ ನಿಲ್ಲಿಸಲಾಯಿತು. ಆಸ್ಪತ್ರೆಯ ಲಿಫ್ಟೂ ಅದರಲ್ಲಿತ್ತು. ಐದು ವಾರ ನೀಲವ್ವನನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಮಹಡಿ ಹೊತ್ತರು. ಒಂದು ಬದಿಗೆ ಮಹಾದೇವ ರಜೆ ಹಾಕಿ ಬಂದು ನಿಂತ. "ಯಾರವಾ ಈ ಲಿಫ್ಟು ಬಂದ್ ಮಾಡಿಸಿದ ಪುಣ್ಯಾತ್ಮರು?" ಎಂದು ಪ್ರತಿ ಮೆಟ್ಟಿಲಿಗೂ ಗೊಣಗುತ್ತಿದ್ದ ರೋಗಿಗಳ ನಡುವೆ ನೀಲವ್ವ, "ನಮ್ಮ ಸೊಸಿ," ಎಂದು ಗಟ್ಟಿಯಾಗಿ ಹೇಳುತ್ತಿದ್ದಳು. ಕಸ್ತೂರಿ ತಲೆ ತಗ್ಗಿಸಿ ಹೊರುತ್ತಿದ್ದಳು.

ಉನ್ನತಿಯ ಮೇಲೆ ಮೊಕದ್ದಮೆ ಶುರುವಾಯಿತು. ಕಸ್ತೂರಿಯ ನೌಕರಿ ಮರಳಲಿಲ್ಲ. ಆದರೆ ಪಡಸಾಲೆಯ ಬಗ್ಗೆ ನ್ಯಾಯಾಲಯದ ಮುಂದೆ ಅವಳು ಒಂದೇ ಬೇಡಿಕೆ ಇಟ್ಟಿದ್ದಳು, ಅದು ಸಿಕ್ಕಿತು: ಅದರೊಳಗಿನ ಪ್ರತಿ ಕೃತಕ ವ್ಯಕ್ತಿಯನ್ನು ಇಡಬೇಕೋ ಅಳಿಸಬೇಕೋ ಎಂದು ಆ ನಿಜವಾದ ವ್ಯಕ್ತಿಯೇ ಹೇಳಬೇಕು. ಕೇಳುವ ಕೆಲಸ ಅವಳೇ ವಹಿಸಿಕೊಂಡಳು. ಮತ್ತೆ ಎಂಟುನೂರ ನಲವತ್ತು ಮನೆ. ಈ ಸಲ ತಂಡವಿಲ್ಲ, ವಾಹನವಿಲ್ಲ. ಬಸ್ಸು, ಮತ್ತು ಕೈಯಲ್ಲಿ ಒಂದು ಲ್ಯಾಪ್‌ಟಾಪು.

ಮೊದಲ ಮನೆ ಹಸೀನಾಳದು. ಅಳಿಸಿರಿ ಎಂದಳು. ಕಣ್ಣೆದುರಿಗೇ ಅಳಿಸಿಸಿಕೊಂಡಳು. ಆಮೇಲೆ, "ಚಾ ಕುಡೀತೀರೇನು?" ಎಂದು ಕೇಳಿದಳು. ಆ ಮನೆಯಲ್ಲಿ ಕಸ್ತೂರಿಗೆ ಅದು ಎರಡನೆಯ ಚಹಾ.

ಬಹಳ ಜನ ಅಳಿಸಿರಿ ಎಂದರು. ಬಸವಂತ ಗಾಣಿಗೇರನ ಮನೆಗೆ ಅವಳು ತಲುಪಿದ್ದು ಮೂರನೆಯ ವಾರದಲ್ಲಿ. ಅವನು ಕೂರಲು ಚಾಪೆ ಹಾಸಿ, ತಾನು ಎದುರಿಗೆ ಕುಳಿತು, ಪರದೆಯನ್ನು ದೂರದಿಂದಲೇ ನೋಡಿದ.

"ಅದು ನನ್ನ ಬಗ್ಗೆ ಏನ್ ಹೇಳಿತ್ರಿ?"

ಕಸ್ತೂರಿ ಒಂದು ಕ್ಷಣ ಹಿಂಜರಿದಳು. ಆದರೆ ಇನ್ನು ಮುಂದೆ ಯಾರಿಂದಲೂ ಏನನ್ನೂ ಮುಚ್ಚಿಡುವುದಿಲ್ಲ ಎಂದು ಅವಳು ಗಟ್ಟಿ ಮಾಡಿಕೊಂಡಿದ್ದಳು. "ನೂರಕ್ಕ ನೂರು ಸಲ ನೀವು ಸುಮ್ಮನಽ ಇರ್ತೀರಿ ಅಂತ. ಎಲ್ಲರಿಗಿಂತ ಖಾತ್ರಿ ನೀವಽ ಅಂತ."

ಬಸವಂತ ತನ್ನ ಅಂಗೈ ನೋಡಿಕೊಂಡ.

"ಖರೇ ಐತಿ," ಎಂದ. "ಹಂಗಽ ಇದ್ದೆ ನಾನು." ಆಮೇಲೆ ತಲೆ ಎತ್ತಿದ. "ಅಳಸಬ್ಯಾಡ್ರಿ ಅದನ್ನ. ಇರಲಿ. ಆದ್ರ ಕೆಳಗ ಒಂದು ಸಾಲು ಬರೀಲಿಕ್ಕೆ ಬರ್ತೈತೇನು?"

"ಬರ್ತೈತಿ. ಏನ್ ಬರೀಲಿ?"

"ಇದು ತಪ್ಪಾತು ಅಂತ ಬರೀರಿ. ತಾರೀಖು ಹಾಕ್ರಿ."

ಕಸ್ತೂರಿ ಬರೆದಳು. ಅವನು ಹತ್ತಿರ ಬಂದು ಬೆರಳಿಟ್ಟು ಓದಿದ. ಒಳಗಿದ್ದ ಹೆಂಡತಿಯನ್ನು ಕರೆದು ಆಕೆಗೂ ಓದಿ ಹೇಳಿದ. ಕಸ್ತೂರಿ ಲ್ಯಾಪ್‌ಟಾಪು ಮುಚ್ಚಿ, ಚಪ್ಪಲಿ ಮೆಟ್ಟಿ, ಪಕ್ಕದ ಓಣಿಯ ಮನೆಯ ದಾರಿ ಯಾವುದೆಂದು ಅವರನ್ನೇ ಕೇಳಿಕೊಂಡು ಹೊರಟಳು.